ಯಂತ್ರವೂ ತಪ್ಪು ಮಾಡಿಯೇ ಕಲಿಯುತ್ತದೆ, ನೀವು ಯಾಕೆ ಆ ಹೆಜ್ಜೆ ಬಿಡ್ತೀರಿ?



ಕೃತಕ ಬುದ್ಧಿಮತ್ತೆ, ಅಂದರೆ ಎಐ, ಈಗ ನಿಮಗೆ ಹೊಸ ಹೆಸರಲ್ಲ. 2024-25ನೇ ಶಾಲಾ ವರ್ಷದಿಂದ ಕೇರಳದ ಏಳನೇ ತರಗತಿಯ ಐಸಿಟಿ ಪಠ್ಯದಲ್ಲೇ ಅದರ ಪಾಠ ಉಂಟು. ಮುಖ ನೋಡಿ ನಗುವೋ ಸಿಟ್ಟೋ ಎಂದು ಗುರುತಿಸುವ ಪ್ರೋಗ್ರಾಂ ಮಾಡಿ ನೋಡಿದವರು ನಿಮ್ಮಲ್ಲಿ ಇರಬಹುದು. ಮನೆಯಲ್ಲಿ ದೊಡ್ಡವರ ಮೊಬೈಲಿನಲ್ಲಿ ಪ್ರಶ್ನೆ ಟೈಪ್ ಮಾಡಿ, ಕನ್ನಡದಲ್ಲೇ ಉತ್ತರ ಪಡೆದವರಂತೂ ತುಂಬಾ ಜನ ಇದ್ದೀರಿ. ಪ್ರಬಂಧ ಬೇಕೋ, ಸೆಮಿನಾರ್ ಬೇಕೋ, ಪ್ರಾಜೆಕ್ಟ್ ಬೇಕೋ, ಎರಡು ನಿಮಿಷದಲ್ಲಿ ತಯಾರು.

ಇದನ್ನು ಕಂಡು ಹಿರಿಯರು ಎರಡು ರೀತಿ ಮಾತಾಡುತ್ತಾರೆ. "ಅದನ್ನು ಮುಟ್ಟಲೇಬೇಡಿ, ತಲೆ ತುಕ್ಕು ಹಿಡೀತದೆ" ಎನ್ನುವವರು ಕೆಲವರು. "ಇನ್ನು ಕಲಿಯುವುದೆಂತಕ್ಕೆ, ಎಲ್ಲ ಅದೇ ಮಾಡ್ತದಲ್ಲ" ಎನ್ನುವವರು ಮತ್ತೆ ಕೆಲವರು. ನನಗೆ ಎರಡೂ ಸರಿ ಕಾಣುವುದಿಲ್ಲ. ಈ ಯಂತ್ರ ಹೇಗೆ ಕಲಿಯುತ್ತದೆ ಎಂಬುದನ್ನು ನೀವು ಮೊದಲು ತಿಳಿಯಬೇಕು ಎಂದು ನನ್ನ ಅಭಿಪ್ರಾಯ. ಅದೊಂದು ತಿಳಿದರೆ, ಅದನ್ನು ಎಲ್ಲಿ ಕೇಳಬಹುದು, ಎಲ್ಲಿ ನಂಬಬಾರದು, ಯಾವ ಕೆಲಸವನ್ನು ಅದರ ಕೈಗೆ ಕೊಡಲೇಬಾರದು ಎಂಬ ಮೂರು ಪ್ರಶ್ನೆಗೂ ನೀವೇ ಉತ್ತರ ಕಂಡುಕೊಳ್ಳುತ್ತೀರಿ. ಇದಕ್ಕೆ ಕಂಪ್ಯೂಟರ್ ಬೇಕಾಗಿಲ್ಲ. ಕಾಗದ, ಪೆನ್ಸಿಲ್, ಕೂಡಿಸುವ ಲೆಕ್ಕ ಸಾಕು.

ಅಂಗಳದ ಅಡಿಕೆ, ಅಜ್ಜಿಯ ಕಣ್ಣು

ನಮ್ಮ ಕಡೆ ಸುಲಿದ ಅಡಿಕೆಯನ್ನು ಆಯುವುದನ್ನು ನೀವು ನೋಡಿದ್ದೀರಿ. ಒಳ್ಳೆಯದು ಒಂದು ರಾಶಿ, ಪಟೋರ ಒಂದು, ಉಳ್ಳಿಗಡ್ಡೆ ಇನ್ನೊಂದು, ಕರಿಗೋಟು ಬೇರೆ. ಆಯುವ ಅಜ್ಜಿಯ ಬಾಯಿ ಊರ ಸುದ್ದಿ ಹೇಳುತ್ತಾ ಇರುತ್ತದೆ, ಕೈ ತನ್ನಷ್ಟಕ್ಕೆ ಓಡುತ್ತಾ ಇರುತ್ತದೆ. ತಪ್ಪುವುದು ಅಪರೂಪ. "ಅಜ್ಜೀ, ಇದು ಪಟೋರ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿ ನೋಡಿ. "ನೋಡಿದ್ರೆ ಗೊತ್ತಾಗ್ತದಲ್ಲ ಮಗಾ" ಎಂದಾರು. ಇಷ್ಟು ಉದ್ದದ ಬಿರುಕಿದ್ದರೆ ಹೀಗೆ, ಇಷ್ಟು ಗ್ರಾಂ ತೂಗಿದರೆ ಹಾಗೆ ಎಂಬ ನಿಯಮದ ಪಟ್ಟಿ ಅವರ ಹತ್ತಿರ ಇಲ್ಲ. ಅವರು ಕಲಿತದ್ದು ನಿಯಮದಿಂದಲ್ಲ. ಸಾವಿರಾರು ಅಡಿಕೆ ನೋಡಿ, ತಪ್ಪಿದಾಗಲೆಲ್ಲ ಹಿರಿಯರು "ಅದು ಅಲ್ಲಿಗಲ್ಲ, ಇಲ್ಲಿಗೆ" ಎಂದು ತಿದ್ದಿ, ಕಲಿತದ್ದು.

ಕಂಪ್ಯೂಟರಿಗೆ ಬುದ್ಧಿ ಕಲಿಸುವುದರಲ್ಲೂ ಇದೇ ಎರಡು ದಾರಿ. ಯಂತ್ರ ಯೋಚಿಸಬಲ್ಲುದೇ ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿ ಒಂದು ಲೇಖನದಲ್ಲಿ ಎತ್ತಿದರು. 1956ರ ಬೇಸಿಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಲವು ವಿಜ್ಞಾನಿಗಳು ಸೇರಿ ಈ ವಿಷಯ ಚರ್ಚಿಸಿದರು. 'ಕೃತಕ ಬುದ್ಧಿಮತ್ತೆ' ಎಂಬ ಹೆಸರು ನೆಲೆಯಾದದ್ದು ಆ ಸಭೆಯಿಂದ, ಹೆಸರಿಟ್ಟವರು ಜಾನ್ ಮೆಕಾರ್ಥಿ. ಅದೇ ವರ್ಷದ ನವೆಂಬರ್ 1ಕ್ಕೆ ನಮ್ಮ ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿತು. ಅಂದರೆ ಈ ವಿಜ್ಞಾನಕ್ಕೆ ನಿಮ್ಮ ಅಜ್ಜ ಅಜ್ಜಿಯರ ವಯಸ್ಸು. ನಿನ್ನೆ ಮೊನ್ನೆ ಆಕಾಶದಿಂದ ಬಿದ್ದದ್ದಲ್ಲ.

ಆಗಿನ ಬಹುಪಾಲು ಪ್ರಯತ್ನ ಮೊದಲನೇ ದಾರಿಯದು, ನಿಯಮಗಳನ್ನು ಬರೆದು ಕೊಡುವುದು. ಚದುರಂಗದಂಥ ಆಟಕ್ಕೆ ಇದು ಸರಿಹೋಯಿತು. ಯಾಕೆಂದರೆ ಆಟಕ್ಕೆ ಖಚಿತ ನಿಯಮ ಉಂಟು. ಆದರೆ ಬೆಕ್ಕನ್ನು ಗುರುತಿಸುವುದಕ್ಕೆ, ಮಾತು ಅರ್ಥ ಮಾಡಿಕೊಳ್ಳುವುದಕ್ಕೆ, ಅಡಿಕೆ ಆಯುವುದಕ್ಕೆ ನಿಯಮ ಬರೆಯಲು ಹೊರಟರೆ ಪುಸ್ತಕ ಮುಗಿಯುವುದೇ ಇಲ್ಲ. ಎರಡನೇ ದಾರಿ ಉದಾಹರಣೆ ತೋರಿಸಿ ತಿದ್ದುವುದು. ಅಮೆರಿಕದ ಆರ್ಥರ್ ಸ್ಯಾಮುಯೆಲ್ ಎಂಬವರು ಚೆಕ್ಕರ್ಸ್ ಎಂಬ ಮಣೆಯಾಟವನ್ನು ಆಡಿ ಆಡಿ ತಾನೇ ಸುಧಾರಿಸಿಕೊಳ್ಳುವ ಪ್ರೋಗ್ರಾಂ ಬರೆದು, 1959ರಲ್ಲಿ ಅದರ ಬಗ್ಗೆ ಲೇಖನ ಪ್ರಕಟಿಸಿದರು. ಈ ವಿಧಾನಕ್ಕೆ 'ಯಂತ್ರಕಲಿಕೆ' ಎಂದು ಹೆಸರು. ಇವತ್ತು ನಾವು ಎಐ ಎನ್ನುವುದರಲ್ಲಿ ಹೆಚ್ಚಿನದೆಲ್ಲ ಇದೇ.

ಕಾಗದದ ಮೇಲೆ ಒಂದು ಯಂತ್ರ

ಈಗ ಕಾಗದ ತೆಗೆದುಕೊಳ್ಳಿ. ಒಂದು ಪುಟ್ಟ ಯಂತ್ರವನ್ನು ಕಲಿಸುವ. ಅದಕ್ಕೆ ಕಾಣುವುದು ಅಡಿಕೆಯ ಮೂರೇ ದೋಷ: ಬಿರುಕು, ಕಪ್ಪು, ಹಗುರ. ಒಂದೊಂದು ದೋಷಕ್ಕೂ ಇಷ್ಟು ಅಂಕ ಎಂದು ಇಡುವ. ಅಡಿಕೆಯಲ್ಲಿ ಇರುವ ದೋಷಗಳ ಅಂಕ ಕೂಡಿಸಿದಾಗ 10 ಅಥವಾ ಹೆಚ್ಚು ಬಂದರೆ ಯಂತ್ರ "ಕೆಟ್ಟದ್ದು" ಎನ್ನಬೇಕು, ಕಡಿಮೆ ಬಂದರೆ "ಒಳ್ಳೆಯದು" ಎನ್ನಬೇಕು. ಸರಿಯಾದ ಅಂಕ ಎಷ್ಟು ಅಂತ ನಮಗೂ ಗೊತ್ತಿಲ್ಲ. ಆದ್ದರಿಂದ ಮೂರಕ್ಕೂ 4 ಎಂದು ಸುಮ್ಮನೆ ಇಟ್ಟು ಶುರುಮಾಡುವ.

ಮೊದಲ ಅಡಿಕೆಗೆ ಬಿರುಕೂ ಉಂಟು, ಕಪ್ಪೂ ಉಂಟು. 4 + 4 = 8. ಯಂತ್ರ "ಒಳ್ಳೆಯದು" ಎಂದಿತು. ಅಜ್ಜಿ "ಕೆಟ್ಟದ್ದು" ಎಂದರು. ಯಂತ್ರ ತಪ್ಪಿತು. ತಪ್ಪಿದಾಗ ಮಾಡಬೇಕಾದ್ದು ಇಷ್ಟೆ: ಆ ಅಡಿಕೆಯಲ್ಲಿದ್ದ ದೋಷಗಳ ಅಂಕಕ್ಕೆ ಎರಡೆರಡು ಸೇರಿಸಿ. ಈಗ ಬಿರುಕು 6, ಕಪ್ಪು 6, ಹಗುರ 4. ಅದೇ ಅಡಿಕೆ ಪುನಃ ಬಂದರೆ 12, ಸರಿ ಉತ್ತರ.

ಎರಡನೇ ಅಡಿಕೆಗೆ ಬಿರುಕು ಮಾತ್ರ. ಅಂಕ 6, ಯಂತ್ರ "ಒಳ್ಳೆಯದು" ಎಂದಿತು. ಅಜ್ಜಿಯೂ "ಚೂರು ಬಿರುಕು, ನಡೀತದೆ" ಎಂದರು. ತಪ್ಪಿಲ್ಲ, ಆದ್ದರಿಂದ ಏನನ್ನೂ ಬದಲಿಸುವುದು ಬೇಡ. ಮೂರನೆಯದು ಹಗುರ ಮಾತ್ರ. ಅಂಕ 4, ಯಂತ್ರ "ಒಳ್ಳೆಯದು" ಎಂದಿತು. ಅಜ್ಜಿ "ಒಳಗೆ ಟೊಳ್ಳು, ಬಿಸಾಡು" ಎಂದರು. ಹಗುರಕ್ಕೆ ಎರಡು ಸೇರಿಸಿ, 6. ಪುನಃ ತೋರಿಸಿ, ಪುನಃ ತಪ್ಪು, 8. ಇನ್ನೊಮ್ಮೆ, 10. ಈಗ ಸರಿ. ಒಂದು ವೇಳೆ ಒಳ್ಳೆಯ ಅಡಿಕೆಯನ್ನು ಯಂತ್ರ ಕೆಟ್ಟದ್ದು ಎಂದರೆ ಎರಡೆರಡು ಕಳೆಯಿರಿ. ಹೀಗೆ ನೂರಾರು ಅಡಿಕೆ ತೋರಿಸುತ್ತಾ ಹೋದರೆ ಅಂಕಗಳು ಮೆಲ್ಲ ಮೆಲ್ಲ ಅಜ್ಜಿಯ ಕಣ್ಣಿಗೆ ಹತ್ತಿರ ಬರುತ್ತವೆ.

ಇದು ನಾನು ಆಟಕ್ಕೆ ಹೇಳಿದ್ದಲ್ಲ. ಅಮೆರಿಕದ ಫ್ರಾಂಕ್ ರೋಸೆನ್‌ಬ್ಲಾಟ್ 1958ರಲ್ಲಿ ವಿವರಿಸಿದ 'ಪರ್ಸೆಪ್ಟ್ರಾನ್' ಎಂಬ ಯಂತ್ರದ ತಿರುಳು ಇದೇ. ಆ ಅಂಕಗಳನ್ನು ವಿಜ್ಞಾನಿಗಳು 'ತೂಕ' ಎನ್ನುತ್ತಾರೆ. ನಮ್ಮ ಯಂತ್ರಕ್ಕೆ ಮೂರು ತೂಕ. 2020ರಲ್ಲಿ ಬಂದ ಜಿಪಿಟಿ-3 ಎಂಬ ಭಾಷಾ ಯಂತ್ರಕ್ಕೆ 17,500 ಕೋಟಿ ತೂಕ. ಅಷ್ಟು ತೂಕಗಳನ್ನು ಪದರ ಪದರವಾಗಿ ಜೋಡಿಸಿದ ಜಾಲಕ್ಕೆ ನರಜಾಲ ಎಂದು ಹೆಸರು. ಕೊನೆಯ ಉತ್ತರದ ತಪ್ಪನ್ನು ಹಿಂದಕ್ಕೆ ಹಂಚಿ ಒಳಗಿನ ಪದರಗಳ ತೂಕವನ್ನೂ ತಿದ್ದುವ ಲೆಕ್ಕದ ಕ್ರಮವನ್ನು 1986ರಲ್ಲಿ ರುಮೆಲ್‌ಹಾರ್ಟ್, ಹಿಂಟನ್ ಮತ್ತು ವಿಲಿಯಮ್ಸ್ ಎಂಬ ಮೂವರು ಬರೆದ ಲೇಖನ ಎಲ್ಲೆಡೆ ಪ್ರಸಿದ್ಧಗೊಳಿಸಿತು. ಅವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್‌ಗೆ, ನರಜಾಲದ ಕೆಲಸಕ್ಕಾಗಿ, ಜಾನ್ ಹಾಪ್‌ಫೀಲ್ಡ್ ಜೊತೆ 2024ರ ಭೌತಶಾಸ್ತ್ರ ನೊಬೆಲ್ ಬಂತು. ಲೆಕ್ಕ ದೊಡ್ಡದಾಯಿತು, ಉಪಾಯ ಮಾತ್ರ ಅದೇ: ಉತ್ತರ ಹೇಳು, ತಪ್ಪು ನೋಡು, ತೂಕ ತಿದ್ದು, ಪುನಃ ಹೇಳು.

ತಪ್ಪಿಲ್ಲದೆ ಕಲಿಕೆ ಇಲ್ಲ

ನಮ್ಮ ಕಾಗದದ ಯಂತ್ರವನ್ನು ಪುನಃ ನೋಡಿ. ಅದರ ಅಂಕ ಬದಲಾದದ್ದು ಯಾವಾಗ? ತಪ್ಪಿದಾಗ ಮಾತ್ರ. ಮತ್ತೆ, ತಪ್ಪಬೇಕಾದರೆ ಮೊದಲು ತಾನಾಗಿ ಒಂದು ಉತ್ತರ ಹೇಳಲೇಬೇಕು. ಅಜ್ಜಿಯ ಉತ್ತರಗಳ ಪಟ್ಟಿಯನ್ನು ಅದಕ್ಕೆ ಕೊಟ್ಟು "ಇದನ್ನು ಹಾಗೆಯೇ ಓದಿ ಹೇಳು" ಎಂದಿದ್ದರೆ, ನೂರಕ್ಕೆ ನೂರು ಸರಿ ಹೇಳುತ್ತಿತ್ತು. ಮೂರು ಅಂಕಗಳು ಮಾತ್ರ 4, 4, 4 ಎಂದೇ ಉಳಿಯುತ್ತಿದ್ದವು. ನಾಳೆ ಹೊಸ ಅಡಿಕೆ ಬಂದರೆ ಅದಕ್ಕೆ ಏನೂ ಗೊತ್ತಿರುತ್ತಿರಲಿಲ್ಲ.

ಈಗ ನಿಮ್ಮ ಪ್ರಬಂಧದ ವಿಷಯಕ್ಕೆ ಬನ್ನಿ. ಯಂತ್ರ ಬರೆದದ್ದನ್ನು ನೀವು ನೋಟ್‌ಬುಕ್ಕಿಗೆ ಇಳಿಸಿದಾಗ ಪುಟ ತುಂಬುತ್ತದೆ, ಟೀಚರ್ 'ಗುಡ್' ಎಂದೂ ಬರೆಯಬಹುದು. ಆದರೆ ನಿಮ್ಮೊಳಗಿನ ಅಂಕ 4, 4, 4. ನೀವು ಬಿಟ್ಟದ್ದು ಮೊದಲು ಉತ್ತರ ಹೇಳಿ ತಪ್ಪುವ ಹೆಜ್ಜೆಯನ್ನು. ಅಷ್ಟು ದೊಡ್ಡ ಕಂಪ್ಯೂಟರುಗಳಿಂದಲೂ ಆ ಹೆಜ್ಜೆಯನ್ನು ಬಿಟ್ಟು ಕಲಿಯಲು ಆಗುವುದಿಲ್ಲ. ಹಾಗಿರುವಾಗ ನೀವು ಅದನ್ನು ಬಿಟ್ಟು ಕಲಿಯುವುದು ಹೇಗೆ? ನಕಲು ಮಾಡುವುದು ಪಾಪ ಎಂದು ನಾನು ಹೇಳುತ್ತಾ ಇಲ್ಲ. ನಕಲಿನಿಂದ ಕಲಿಕೆ ನಡೆಯುವುದೇ ಇಲ್ಲ ಎಂದು ಹೇಳುತ್ತಾ ಇದ್ದೇನೆ.

ಬಾಯಿಪಾಠದ ವಿಷಯವೂ ಹೀಗೆಯೇ. ಕಲಿಸುವಾಗ ತೋರಿಸಿದ ಅಡಿಕೆಯನ್ನೇ ಪುನಃ ತೋರಿಸಿ ಯಾರೂ ಯಂತ್ರಕ್ಕೆ ಪರೀಕ್ಷೆ ಮಾಡುವುದಿಲ್ಲ. ಒಂದಷ್ಟು ಉದಾಹರಣೆಗಳನ್ನು ಮೊದಲೇ ತೆಗೆದಿಟ್ಟು, ಕೊನೆಗೆ ಅವುಗಳಿಂದಲೇ ಪರೀಕ್ಷೆ. ತೋರಿಸಿದ್ದರಲ್ಲಿ ನೂರಕ್ಕೆ ನೂರು, ಹೊಸದರಲ್ಲಿ ಸೋಲು ಎಂದಾದರೆ ಆ ಯಂತ್ರ ಕಲಿತಿಲ್ಲ, ಬಾಯಿಪಾಠ ಮಾಡಿದೆ ಎಂದೇ ತೀರ್ಮಾನ. ಪುಸ್ತಕದ ಲೆಕ್ಕ ಬರುತ್ತದೆ, ಸಂಖ್ಯೆ ಬದಲಿಸಿದರೆ ಬರುವುದಿಲ್ಲ ಎನ್ನುವವರು ಇದನ್ನು ಸ್ವಲ್ಪ ಯೋಚಿಸಿ.

ಉದಾಹರಣೆ ಕೊಟ್ಟವರು ಯಾರು?

2012ರಲ್ಲಿ ನರಜಾಲವೊಂದು ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ ಉಳಿದವರನ್ನೆಲ್ಲ ಬಹಳ ಹಿಂದೆ ಹಾಕಿತು. ಅದು ಕಲಿತದ್ದು ಫೇಫೇ ಲೀ ಎಂಬ ವಿಜ್ಞಾನಿಯ ತಂಡ ಕೂಡಿಸಿದ 'ಇಮೇಜ್‌ನೆಟ್' ಎಂಬ ಚಿತ್ರಭಂಡಾರದ ಸುಮಾರು 12 ಲಕ್ಷ ಚಿತ್ರಗಳಿಂದ. ಇದು ನಾಯಿ, ಇದು ಅಣಬೆ, ಇದು ಹಡಗು ಎಂದು ಆ ಚಿತ್ರಗಳಿಗೆ ಹೆಸರು ಅಂಟಿಸಿದವರು ಇಂಟರ್‌ನೆಟ್ ಮೂಲಕ ಕೂಲಿಗೆ ದುಡಿದ ಸಾವಿರಾರು ಮಂದಿ. ಯಂತ್ರದ ಹಿಂದೆ ಯಾವಾಗಲೂ ಹೀಗೆ ಅಜ್ಜಿಯರು ಇರುತ್ತಾರೆ. ಹೆಸರು ಮಾತ್ರ ಹೊರಗೆ ಬರುವುದಿಲ್ಲ.

ಉದಾಹರಣೆಯಲ್ಲಿ ಕೊರತೆ ಇದ್ದರೆ ಯಂತ್ರದಲ್ಲೂ ಅದೇ ಕೊರತೆ. ಒಳ್ಳೆಯ ಅಡಿಕೆಯ ಫೋಟೋ ಎಲ್ಲ ಸಿಮೆಂಟಿನ ಅಂಗಳದಲ್ಲಿ, ಕೆಟ್ಟದರ ಫೋಟೋ ಎಲ್ಲ ಗೋಣಿಯ ಮೇಲೆ ತೆಗೆದರೆ, ಯಂತ್ರ ಗೋಣಿಯನ್ನು ಗುರುತಿಸಲು ಕಲಿತು ನಮಗೆ ಅಡಿಕೆ ಗೊತ್ತು ಎಂದು ಕಾಣಿಸೀತು. ನಿಜವಾಗಿ ನಡೆದದ್ದು ಕೇಳಿ. ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ, ಮಾರುಕಟ್ಟೆಯಲ್ಲಿದ್ದ ಕೆಲವು ಪ್ರೋಗ್ರಾಂಗಳನ್ನು ಜಾಯ್ ಬುವೊಲಾಮ್ವಿನಿ ಮತ್ತು ತಿಮ್ನಿಟ್ ಗೆಬ್ರು ಎಂಬ ಇಬ್ಬರು ಸಂಶೋಧಕಿಯರು 2018ರಲ್ಲಿ ಪರೀಕ್ಷಿಸಿದರು. ಬಿಳಿ ಬಣ್ಣದ ಗಂಡಸರಲ್ಲಿ ತಪ್ಪು ನೂರಕ್ಕೆ ಒಂದಕ್ಕಿಂತ ಕಡಿಮೆ. ಕಪ್ಪು ಬಣ್ಣದ ಹೆಂಗಸರಲ್ಲಿ ನೂರಕ್ಕೆ ಸುಮಾರು 35ರ ತನಕ. ನೀವು ಐಸಿಟಿ ಪಾಠದಲ್ಲಿ ಮುಖಭಾವ ಗುರುತಿಸುವಾಗ, ಇದು ಯಾರ ಮುಖ ನೋಡಿ ಕಲಿತದ್ದು ಎಂದು ಕೇಳಬೇಕಾದ್ದು ಇದಕ್ಕೇ.

ನಮ್ಮ ಊರಿನ ಮಾತಿಗೆ ಬಂದಾಗ

ಭಾಷೆಯ ಯಂತ್ರಗಳು ಕಲಿಯುವ ಆಟ ಇನ್ನೊಂದು ರೀತಿಯದು. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ..." ಎಂದು ನಾನು ನಿಲ್ಲಿಸಿದರೆ ನೀವು "ಬಾರದು" ಎನ್ನುತ್ತೀರಿ. ಆನೆಯ ಬೆಲೆ ಲೆಕ್ಕ ಹಾಕಿ ಹೇಳಿದ್ದಲ್ಲ, ತುಂಬಾ ಸಲ ಕೇಳಿ ಬಾಯಿಗೆ ಬಂದದ್ದು. ಭಾಷಾ ಯಂತ್ರಕ್ಕೂ ರಾಶಿ ರಾಶಿ ಬರಹ ಕೊಟ್ಟು, ಮುಂದೆ ಬರುವ ಪದ ಯಾವುದು ಎಂದು ಕೇಳಿ, ತಪ್ಪಿದಾಗ ತೂಕ ತಿದ್ದುತ್ತಾರೆ. ಆಮೇಲೆ ಬೇರೆ ತರಬೇತಿಗಳೂ ಇವೆ, ಆದರೆ ಅಡಿಪಾಯ ಇದು. ಅದು ಬರೆಯುವುದು ಮುಂದೆ ಬರಬಹುದಾದ ಮಾತನ್ನು. ಬರಬಹುದಾದ ಮಾತು ಹೆಚ್ಚಿನ ಸಲ ನಿಜವೂ ಆಗಿರುತ್ತದೆ, ಯಾಕೆಂದರೆ ತುಂಬಾ ಜನ ಅದನ್ನು ಸರಿಯಾಗಿ ಬರೆದಿಟ್ಟಿರುತ್ತಾರೆ. ದ್ಯುತಿಸಂಶ್ಲೇಷಣೆ, ಓಮ್‌ನ ನಿಯಮ ಇಂಥದ್ದಕ್ಕೆ ಉತ್ತರ ಚೆನ್ನಾಗಿ ಬರುವುದು ಅದಕ್ಕೆ.

ಯಾರೂ ಹೆಚ್ಚು ಬರೆಯದ ಕಡೆ ಎಂತ ಆಗ್ತದೆ? ಅಲ್ಲಿಯೂ ಅದು ಮುಂದಿನ ಪದ ಬರೆಯುತ್ತಲೇ ಹೋಗಬಹುದು, ಅದೇ ಧೈರ್ಯದಲ್ಲಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸುಮಾರು 70 ಲಕ್ಷ ಲೇಖನ ಇದ್ದರೆ ಕನ್ನಡದಲ್ಲಿರುವುದು ಮೂವತ್ತು ಸಾವಿರದ ಲೆಕ್ಕದಲ್ಲಿ. ತುಳು ವಿಕಿಪೀಡಿಯ ಶುರುವಾದದ್ದೇ 2016ರಲ್ಲಿ. ಕನ್ನಡದ ಬರಹದಲ್ಲೂ ಗಡಿಯಾಚೆಯ ನಮ್ಮ ಊರಿನದ್ದು ಎಷ್ಟು ಕಡಿಮೆ ಎಂದು ನೀವೇ ಊಹಿಸಿ.

ಒಂದು ಪರೀಕ್ಷೆ ಹೇಳುತ್ತೇನೆ. ಹೊಸದುರ್ಗ ಎಂಬ ಹೆಸರಿನ ಊರು ಎರಡು. ಒಂದು ಚಿತ್ರದುರ್ಗ ಜಿಲ್ಲೆಯ ತಾಲೂಕು ಕೇಂದ್ರ. ಇನ್ನೊಂದು ನಮ್ಮ ಕಾಞಂಗಾಡಿನಲ್ಲಿ, ಇಕ್ಕೇರಿ ನಾಯಕರ ಕಾಲದ ಕೋಟೆ ಇರುವುದು. "ಹೊಸದುರ್ಗದ ಬಗ್ಗೆ ಹತ್ತು ವಾಕ್ಯ" ಎಂದು ಕೇಳಿ, ಯಾವ ಊರಿನದ್ದು ಬಂತು, ಎರಡನ್ನೂ ಬೆರೆಸಿತೋ ನೋಡಿ. ನಿಮ್ಮ ಊರಿನ ಪಳ್ಳದ ಹೆಸರು, ಮಹಾಳಿ ಬಂದ ಅಡಿಕೆಗೆ ನಿಮ್ಮ ಮನೆಯಲ್ಲಿ ಹೇಳುವ ಮಾತು, "ಉಂಟು", "ಎಂತ" ಎಂದು ಸೇರಿಸಿ ಬರೆದ ಪ್ರಶ್ನೆ, ಇವನ್ನೂ ಕೇಳಿ. ಬಂದ ಉತ್ತರ ಸರಿಯೋ ತಪ್ಪೋ ಎಂದು ಹೇಳಬಲ್ಲವರು ದೂರದ ಕಂಪೆನಿಯಲ್ಲಿ ಇಲ್ಲ. ಅದು ನೀವು, ನಿಮ್ಮ ಅಪ್ಪ ಅಮ್ಮ, ನೆರೆಮನೆಯ ಮಾಮ. ಗಡಿಯ ಶಾಲೆಯ ಮಕ್ಕಳು ಈ ವಿಷಯದಲ್ಲಿ ಹಿಂದೆ ಎಂದು ಹೇಳುವವರಿದ್ದಾರೆ. ಕನ್ನಡ, ಮಲೆಯಾಳ, ತುಳು, ಕೊಂಕಣಿ, ಬ್ಯಾರಿ ಎಂದು ಎರಡು ಮೂರು ಭಾಷೆ ಮನೆಯಲ್ಲೇ ಕಲಿತ ನೀವು ಇಂಥ ತಪ್ಪು ಹಿಡಿಯುವುದರಲ್ಲಿ ಪಟ್ಟಣದ ಎಷ್ಟೋ ಮಕ್ಕಳಿಗಿಂತ ಮುಂದೆ.

"ಕ್ಯಾಲ್ಕುಲೇಟರ್ ಬಂದಾಗಲೂ ಹೀಗೇ ಹೆದರಿಸಿದ್ರು, ಈಗ ಎಂತ ಆಯ್ತು?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಆದರೆ ಕ್ಯಾಲ್ಕುಲೇಟರ್ 17ನ್ನು 23ರಿಂದ ಗುಣಿಸಿ ಯಾವಾಗ ಕೇಳಿದರೂ 391 ಎನ್ನುತ್ತದೆ, ಅದು ಸರಿ ಎಂದು ನೀವು ಕಾಗದದಲ್ಲಿ ತಾಳೆ ನೋಡಬಹುದು. ಭಾಷಾ ಯಂತ್ರದ ಉತ್ತರ ಇವತ್ತೊಂದು ನಾಳೆಯೊಂದು ಆಗಬಹುದು, ತಾಳೆ ನೋಡಲು ನಿಮಗೆ ವಿಷಯ ಗೊತ್ತಿರಬೇಕು. ವಿಷಯ ಗೊತ್ತಿಲ್ಲದವನ ಕೈಯಲ್ಲಿ ಅದು ಹೆಚ್ಚು ಅಪಾಯ, ಗೊತ್ತಿರುವವನ ಕೈಯಲ್ಲಿ ಹೆಚ್ಚು ಉಪಯೋಗ.

ಕನ್ನಡದಲ್ಲಿ ವಿಜ್ಞಾನದ ಪುಸ್ತಕ ಸುಲಭವಾಗಿ ಸಿಗದ ನಮ್ಮ ಶಾಲೆಗಳಿಗೆ ಈ ಯಂತ್ರ ಒಂದು ಸಹಾಯವೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅರ್ಥವಾಗದ ಪಾಠವನ್ನು ಇನ್ನೊಂದು ರೀತಿ ವಿವರಿಸು ಎಂದು ಕೇಳಿ. ನಿಮಗೆ ಹತ್ತು ಪ್ರಶ್ನೆ ಕೊಡಲು ಹೇಳಿ. ಆದರೆ ಕ್ರಮ ತಪ್ಪಿಸಬೇಡಿ: ಮೊದಲು ನಿಮ್ಮ ಉತ್ತರ, ಅದು ಎಷ್ಟು ಸಣ್ಣದಾದರೂ, ಎಷ್ಟು ತಪ್ಪಿದ್ದರೂ ಸರಿ. ಆಮೇಲೆ ಯಂತ್ರದ ಉತ್ತರ. ಆಮೇಲೆ ಪಠ್ಯಪುಸ್ತಕವೋ ಟೀಚರೋ, ಇಬ್ಬರಲ್ಲಿ ತಪ್ಪಿದವರು ಯಾರು ಎಂದು ನೋಡುವುದು. ದೊಡ್ಡವರ ಮೊಬೈಲಿನಲ್ಲಿ, ಅವರಿಗೆ ಗೊತ್ತಿದ್ದೇ ಕೇಳಿ. ನಿಮ್ಮ ಹೆಸರು, ಫೋಟೋ, ಮನೆಯ ವಿಚಾರ ಅದಕ್ಕೆ ಕೊಡಬೇಡಿ.

ಶಿಕ್ಷಕ ಬಂಧುಗಳಲ್ಲೂ ಒಂದು ವಿನಂತಿ. ಕೃತಕ ಬುದ್ಧಿಮತ್ತೆ ಎಂದರೇನು, ಎರಡು ಅಂಕ, ಎಂದು ವ್ಯಾಖ್ಯೆ ಬಾಯಿಪಾಠ ಮಾಡಿಸುವುದರ ಬದಲು ಒಂದು ಪಿರಿಯಡ್ ಅಡಿಕೆಯನ್ನೋ ಎಲೆಯನ್ನೋ ತಂದು ಈ ಕಾಗದದ ಯಂತ್ರ ಮಾಡಿಸಿ. ಒಬ್ಬ ಹುಡುಗ ಯಂತ್ರ, ಒಬ್ಬಳು ಹುಡುಗಿ ಅಜ್ಜಿ, ಉಳಿದವರು ಅಂಕ ಬರೆಯುವವರು. ಕೊನೆಗೆ ಮೊದಲು ತೋರಿಸದ ಹತ್ತು ಅಡಿಕೆಯಿಂದ ಪರೀಕ್ಷೆ.

ಮಕ್ಕಳೇ, ನಿಮಗೆ ಈ ತಿಂಗಳ ಕೆಲಸ ಇಷ್ಟು. ನಿಮ್ಮ ಊರಿನ ಬಗ್ಗೆ, ನಿಮ್ಮ ಮನೆಮಾತಿನ ಪದಗಳ ಬಗ್ಗೆ ಹತ್ತು ಪ್ರಶ್ನೆ ಬರೆಯಿರಿ. ಪ್ರತಿಯೊಂದಕ್ಕೂ ಮೊದಲು ಮನೆಯ ಹಿರಿಯರಲ್ಲಿ ವಿಚಾರಿಸಿ ಉತ್ತರ ಬರೆದಿಡಿ. ಆಮೇಲೆ ಯಂತ್ರವನ್ನು ಕೇಳಿ, ಎಷ್ಟು ಸರಿ, ಎಷ್ಟು ತಪ್ಪು, ಎಲ್ಲಿ ತಪ್ಪಿತು ಎಂದು ಪಟ್ಟಿ ಮಾಡಿ ನಿಮ್ಮ ಟೀಚರ ಕೈಯಲ್ಲಿ ಕೊಡಿ. ಮೊಬೈಲ್ ಇಲ್ಲದವರು ಚಿಂತೆ ಮಾಡಬೇಡಿ, ಪ್ರಶ್ನೆ ಮತ್ತು ಹಿರಿಯರ ಉತ್ತರ ಮಾತ್ರ ಬರೆದರೂ ಸಾಕು. ಕೆಲಸದ ದೊಡ್ಡ ಭಾಗ ಅದೇ. ಯಾಕೆಂದರೆ ಇದುವರೆಗೆ ಯಾರೂ ಬರೆಯದ ಹತ್ತು ವಿಷಯ ಅಷ್ಟರಲ್ಲಿ ಕನ್ನಡದಲ್ಲಿ ಬರಹವಾಗಿ ಉಳಿದಿರುತ್ತದೆ.